ಊಟದ ಸಾಕು

ಊಟಕ್ಕೆ ಕೂತವರು ‘ಸಾಕು’ ಅಂದರೆ ಸಾಕು ಅಂತ ಅಲ್ಲ, ಇನ್ನೊಂದು ಸಲ ಒತ್ತಾಯ ಮಾಡಿ ಅಂತ. ಎರಡನೇ ಸಲ ಅಂದರೆ ಅರ್ಧ ಹಾಕಿ ಅಂತ. ಮೂರನೇ ಸಲ ಎರಡೂ ಕೈ ಅಡ್ಡ ಹಿಡಿದು ಬೇಡಿಕೊಂಡರೆ ಮಾತ್ರ ನಂಬಬೇಕು, ಅದೂ ಪೂರ್ತಿ ನಂಬಬೇಕಾಗಿಲ್ಲ. ಹುಬ್ಬಳ್ಳಿಯ ಮಂದಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಇದೇ ಹುಬ್ಬಳ್ಳಿಯಲ್ಲಿ ಹುಟ್ಟಿದ ಒಂದು ಯಂತ್ರಕ್ಕೆ ಇದು ಗೊತ್ತಿರಲಿಲ್ಲ. ಅದರಿಂದಾಗಿ ಮೃತ್ಯುಂಜಯ ಉಳ್ಳಾಗಡ್ಡಿ ಎಂಬ ಬಟ್ಟೆ ವ್ಯಾಪಾರಿಗೆ ಇಳಿವಯಸ್ಸಿನಲ್ಲಿ ಒಂದು ಕೆಲಸ ಸಿಕ್ಕಿತು, ಆ ಕೆಲಸದಿಂದ ಅವನ ಸಂಸಾರದ ಬುಡ ಅಲ್ಲಾಡಿತು.

ಉಳ್ಳಾಗಡ್ಡಿ ಅಂದರೆ ಈರುಳ್ಳಿ. ಅವರ ಮನೆತನದಲ್ಲಿ ಯಾರಾದರೂ ಈರುಳ್ಳಿ ಮಾರಿದ್ದು ಯಾರಿಗೂ ನೆನಪಿಲ್ಲ, ಮಾರಿದ್ದೆಲ್ಲ ಬಟ್ಟೆ. ದುರ್ಗದಬೈಲು ಪೇಟೆಯಲ್ಲಿದ್ದ ಬಟ್ಟೆ ಅಂಗಡಿಯನ್ನು ತಮ್ಮನಿಗೆ ವಹಿಸಿ ಮನೆ ಸೇರಿದ ಮೇಲೆ ಮೃತ್ಯುಂಜಯಪ್ಪನಿಗೆ ಮಾಡಲು ಏನೂ ಇರಲಿಲ್ಲ. ಅವನ ಹೆಂಡತಿ ದಾಕ್ಷಾಯಣಿಗೂ ಇರಲಿಲ್ಲ. ಅಷ್ಟೊತ್ತಿಗೆ ಊರಿನ ಮನೆಗಳೆಲ್ಲ ತಮ್ಮಷ್ಟಕ್ಕೆ ತಾವೇ ನಡೆಯುವ ಕಾಲ ಬಂದಿತ್ತು. ಗೋಡೆ ಮಾತು ಕೇಳಿಸಿಕೊಂಡು ದೀಪ ಹಚ್ಚುತ್ತಿತ್ತು. ಅಡುಗೆಮನೆಯ ಪೆಟ್ಟಿಗೆ ತಾನೇ ಹಿಟ್ಟು ನಾದಿ, ಬಡಿದು, ಬೇಯಿಸಿ, ಬಿಸಿ ರೊಟ್ಟಿಯನ್ನು ಹೊರಗೆ ತಳ್ಳುತ್ತಿತ್ತು. ನಲ್ಲಿಯ ನೀರಿಗಾಗಿ ವಾರಗಟ್ಟಲೆ ಕಾದದ್ದನ್ನು ಜನ ಮರೆತೇಬಿಟ್ಟಿದ್ದರು. ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಮೃತ್ಯುಂಜಯಪ್ಪ ಆಗಾಗ ಎದ್ದು ಫ್ರಿಜ್ ತೆಗೆದು ನೋಡಿ ಮುಚ್ಚುತ್ತಿದ್ದ, ಕಿಟಕಿಯವರೆಗೆ ಹೋಗುತ್ತಿದ್ದ, ಅಲ್ಲಿ ಏನೂ ಕಾಣದೆ ಮತ್ತೆ ಫ್ರಿಜ್ಜಿಗೇ ಬರುತ್ತಿದ್ದ.

ದಾಕ್ಷಾಯಣಿ ಮಾತ್ರ ಶನಿವಾರ ಬಂತೆಂದರೆ ಹಳೇ ಸೀರೆ ಉಟ್ಟು ಕೈಚೀಲ ಹಿಡಿದು ಹೊರಟುಬಿಡುತ್ತಿದ್ದಳು. ಗದಗ ರಸ್ತೆಯ ಆಚೆ, ಎಂದೋ ಬಾಗಿಲು ಹಾಕಿದ ನೂಲಿನ ಗಿರಣಿಯೊಂದರಲ್ಲಿ ‘ಆಮೇಲಿನವರು’ ಎಂಬ ಬಳಗ ಒಂದು ಆಟ ಆಡುತ್ತಿತ್ತು. ಸೂರ್ಯ ಒಂದು ದಿನ ಸಿಡಿದು ಭೂಮಿಯ ಮೇಲಿನ ತಂತಿಗಳೆಲ್ಲ ಸುಟ್ಟುಹೋಗಿವೆ, ಊರುಗಳು ಹಾಳುಬಿದ್ದಿವೆ, ಉಳಿದವರು ಇಷ್ಟೇ ಜನ, ಇರುವ ನೀರು ಇಷ್ಟೇ, ಇನ್ನು ಬದುಕಿಕೊಳ್ಳಬೇಕು. ಆಟ ಅಂದರೆ ಅದೇ. ಬಾಯಿಪಾಠದ ಮಾತಿಲ್ಲ, ಕೂತು ನೋಡುವವರೂ ಇಲ್ಲ, ಇದ್ದವರೆಲ್ಲ ಆಡುವವರೇ. ಹೊರಗಿನ ಬದುಕನ್ನು ಮರೆಸುವ ಪಟ್ಟಿಯೊಂದನ್ನು ಹಣೆಗೆ ಕಟ್ಟಿಕೊಂಡು ಶನಿವಾರ ಬೆಳಿಗ್ಗೆ ಒಳಗೆ ಹೋದರೆ ಭಾನುವಾರ ಸಂಜೆ ಹೊರಗೆ ಬರುತ್ತಿದ್ದರು. ಬರುವಾಗ ದಾಕ್ಷಾಯಣಿಯ ಕೈಯಲ್ಲಿ ಬೊಕ್ಕೆ ಎದ್ದಿರುತ್ತಿದ್ದವು, ಮೈಯೆಲ್ಲ ಧೂಳು, ಮುಖದಲ್ಲಿ ಮಾತ್ರ ತವರಿಗೆ ಹೋಗಿ ಬಂದ ಕಳೆ.

“ಮನ್ಯಾಗ ಎಲ್ಲಾ ಇಟ್ಟಗೊಂಡು ಅಲ್ಲಿ ಉಪಾಸ ಬೀಳಾಕ ಹೋಗ್ತಿಯಲ್ಲ, ತಲಿಗಿಲಿ ಕೆಟ್ಟೈತೇನು ನಿನಗ?” ಎಂದು ಮೃತ್ಯುಂಜಯಪ್ಪ ಒಮ್ಮೆ ಕೇಳಿದ್ದ.

“ಮನ್ಯಾಗ ಎಲ್ಲಾ ಐತಿ ಅಂತನ ಹೋಗ್ತೇನ್ರಿ,” ಎಂದಿದ್ದಳು.

ಇದೆಲ್ಲ ನಾಲ್ಕು ದಿನದ ಹುಚ್ಚು, ತಾನೇ ಇಳಿಯುತ್ತದೆ ಎಂದು ಅವನು ಸುಮ್ಮನಿದ್ದ. ಇಳಿಯಲಿಲ್ಲ. ಒಂದು ಬೆಳಿಗ್ಗೆ ಚಹಾ ಕೊಡುತ್ತ ದಾಕ್ಷಾಯಣಿಯೇ ಹೇಳಿದಳು: ದಸರೆ ಮುಗಿದ ಮೇಲೆ ‘ಉದ್ದನೆಯ ಆಟ’ ಶುರುವಾಗುತ್ತದೆ, ಆರು ತಿಂಗಳು, ನಡುವೆ ಮನೆಗೆ ಬರುವಂತಿಲ್ಲ, ತಾನು ಹೆಸರು ಕೊಟ್ಟಿದ್ದೇನೆ.

“ಆರು ತಿಂಗಳು ನಾ ಯಾರು ಅನ್ನೂದು ನಿನಗ ನೆನಪಿರೂದಿಲ್ಲ?”

“ಇರೂದಿಲ್ರಿ. ಹಣೆಪಟ್ಟಿ ಹಾಕ್ತಾರಲ್ಲ.”

“ಆಮ್ಯಾಲೆ?”

“ಆಮ್ಯಾಲಿಂದು ಆಮ್ಯಾಲೆ.”

ಬೇರೆ ಊರಲ್ಲಿ ಇಂಥದೇ ಉದ್ದನೆಯ ಆಟಕ್ಕೆ ಹೋದವರಲ್ಲಿ ಕೆಲವರು, ನೆನಪು ಸರಿಯಾಗಿ ವಾಪಸು ಬಂದ ಮೇಲೂ, ಮನೆಗೆ ಮಾತ್ರ ವಾಪಸು ಬರಲಿಲ್ಲವಂತೆ. ಮೃತ್ಯುಂಜಯಪ್ಪ ಅದನ್ನು ಕೇಳಿದ್ದ. ಹೆಂಡತಿ ಎದುರಿಗೆ ನಿಂತಿದ್ದಾಗ ಅವನಿಗೆ ಅದೇ ನೆನಪಾಯಿತು. ಹೋಗಬೇಡ ಅನ್ನಬೇಕೆಂದು ಬಾಯಿ ತೆರೆದ. ಹೊರಗೆ ಬಂದದ್ದು “ಚಾದಾಗ ಸಕ್ರಿ ಕಮ್ಮಿ ಆಗೈತಿ” ಎಂಬ ಮಾತು. ಇಷ್ಟು ವರ್ಷ ಸಾವಿರಾರು ಗಿರಾಕಿಗಳ ಜೊತೆ ಗಂಟೆಗಟ್ಟಲೆ ಹರಟಿದ ಮನುಷ್ಯನಿಗೆ ಮನೆಯಲ್ಲಿ ಒಂದು ಮಾತು ಆಡಲು ಇಷ್ಟು ಕಷ್ಟ. ದಾಕ್ಷಾಯಣಿ ಸಕ್ಕರೆ ತಂದು ಹಾಕಿ ಒಳಗೆ ಹೋದಳು.

ಮುಂದಿನ ಶನಿವಾರ ಆಕೆ ಹೊರಟ ಸ್ವಲ್ಪ ಹೊತ್ತಿಗೆ ಮೃತ್ಯುಂಜಯಪ್ಪನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಿರಣಿಗೆ ಹೋದ. ತಾನೂ ಬಳಗ ಸೇರುತ್ತೇನೆ ಎಂದ. ಜಗತ್ತು ಮುಗಿದ ಮೇಲಿನ ಆಟಕ್ಕೆ ಇಸ್ತ್ರಿ ಅಂಗಿಯಲ್ಲಿ ಬಂದವನನ್ನು ನೋಡಿ ಬಾಗಿಲಲ್ಲಿದ್ದವರು ನಕ್ಕರು. ನಕ್ಕು, ಹಳೇ ಗುಮಾಸ್ತರ ಕೋಣೆಗೆ ಕಳಿಸಿದರು.

ಆ ಕೋಣೆಯೇ ಆಟದ ಮೂಗುದಾರ. ಗೋಡೆ ತುಂಬ ಪರದೆಗಳು, ಒಳಗಿರುವ ಒಬ್ಬೊಬ್ಬರ ನಾಡಿ, ಉಸಿರು, ಮಾತು ಎಲ್ಲ ಅಲ್ಲಿಗೆ ಬರುತ್ತಿತ್ತು. ನೋಡಿಕೊಳ್ಳುತ್ತಿದ್ದವಳು ಮಂಡ್ಯದ ಕಡೆಯ ಎಂಜಿನಿಯರು, ಇಂಚರಾ ಅಂತ. ಅವಳು ಮೃತ್ಯುಂಜಯಪ್ಪನ ಕೈಗೆ ಒಂದು ಹಣೆಪಟ್ಟಿ ಕೊಟ್ಟಳು. ನೋಡಲು ಕ್ರಿಕೆಟ್ ಆಡುವವರು ಬೆವರಿಗೆ ಕಟ್ಟಿಕೊಳ್ಳುವ ಪಟ್ಟಿಯ ಹಾಗೇ ಇತ್ತು, ಸ್ವಲ್ಪ ಭಾರ.

“ಇದು ನೆನಪನ್ನ ಅಳಿಸಲ್ಲ ಸಾರ್, ಗಾಬರಿಯಾಗ್ಬೇಡಿ,” ಎಂದಳು. “ಹಳೇದು ನೆನಪಿಗೆ ಬರ್ಬೇಕು ಅಂದ್ರೆ ಮೆದುಳಿನ ಎರಡು ಭಾಗ ಒಂದೇ ತಾಳದಲ್ಲಿ ಮಿಡೀಬೇಕು. ಪಟ್ಟಿ ಆ ತಾಳ ತಪ್ಪಿಸುತ್ತೆ, ಅಷ್ಟೇ. ತೆಗೆದ್ರೆ ಮತ್ತೆ ಸರಿಹೋಗುತ್ತೆ.”

ಕೈಗೆ ಹತ್ತಿದ ಕೆಲಸಕ್ಕೆ ಪಟ್ಟಿಯಿಂದ ಏನೂ ಆಗುವುದಿಲ್ಲ. ರೊಟ್ಟಿ ಬಡಿಯುವುದು, ಗಂಟು ಹಾಕುವುದು, ದೊಡ್ಡವರು ಬಂದರೆ ಎದ್ದು ನಿಲ್ಲುವುದು, ಮಾತು, ರೀತಿ ರಿವಾಜು, ಎಲ್ಲ ಇದ್ದಲ್ಲೇ ಇರುತ್ತವೆ. ಈ ರೊಟ್ಟಿಯನ್ನು ಇಷ್ಟು ವರ್ಷ ಯಾರಿಗೆ ಬಡಿದು ಹಾಕಿದೆ ಅನ್ನುವುದು ಮಾತ್ರ ಮಬ್ಬಾಗುತ್ತದೆ. ಇಂಚರಾ ಪಟ್ಟಿಯನ್ನು ಅವನ ಹಣೆಗೆ ಕಟ್ಟಿ ಪರೀಕ್ಷೆ ಮಾಡಿದಳು. ಒಡನೆ ಪರದೆಯೊಂದು ಕೆಂಪಾಗಿ ಕೂಗಿಕೊಂಡಿತು.

“ಬಿಪಿ ತುಂಬಾ ಇದೆ ಸಾರ್. ನಿಮ್ಮನ್ನ ಒಳಗೆ ಬಿಡಕ್ಕಾಗಲ್ಲ.”

“ಒಳಗ ನನ್ನ ಹೇಂತಿ ಅದಾಳವಾ. ಬಿಪಿ ಬರಲಾರದ ಏನ್ ಬರ್ತೈತಿ?”

ಇಂಚರಾ ಅವನ ಹಣೆಯ ಪಟ್ಟಿ ಬಿಚ್ಚಿದಳು. ಅಷ್ಟರಲ್ಲಿ ಸ್ಪೀಕರಿನಿಂದ ಗಂಡಸಿನ ದನಿಯೊಂದು “ಸಾಕು, ಸಾಕು” ಅಂದಿತು. ಅವಳ ಕೈ ಗಬಕ್ಕನೆ ಮೇಜಿನ ಮೇಲಿನ ಗುಂಡಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಒತ್ತಬೇಕೋ ಬೇಡವೋ ಎಂದು ಪರದೆ ನೋಡಿದಳು.

“ಬಿಡವಾ. ಅದು ಊಟದ ಸಾಕು,” ಎಂದ ಮೃತ್ಯುಂಜಯಪ್ಪ. “ಇನ್ನೊಂದ್ ರೊಟ್ಟಿ ಬೇಕಾಗೇತಿ ಅಂವಗ.”

ಹೌದು, ಸ್ವಲ್ಪದರಲ್ಲೇ ಸ್ಪೀಕರಿನಲ್ಲಿ ನಗು ಕೇಳಿಸಿತು, ಆಮೇಲೆ ರೊಟ್ಟಿ ಮುರಿದ ಸದ್ದು.

ಇಂಚರಾ ಕುರ್ಚಿಗೆ ಒರಗಿ ಉಸಿರು ಬಿಟ್ಟಳು. ಬಳಗದ ದೊಡ್ಡ ತಲೆನೋವೇ ಇದು ಎಂದು ಹೇಳಿಕೊಂಡಳು. ಆಟದಲ್ಲಿ ಯಾರಿಗಾದರೂ ತಡೆಯಲಾರದಷ್ಟು ಭಯವಾದರೆ, ನೋವಾದರೆ, ಹೊರಗೆ ಬರಲು ಒಂದು ಮಾತು ಬೇಕು. ಮೊದಲು ‘ಬಿಡುಗಡೆ’ ಅಂತ ಇಟ್ಟಿದ್ದರು. ಪಟ್ಟಿ ಕಟ್ಟಿದ ಮೇಲೆ ಆ ಮಾತೇ ಯಾರಿಗೂ ನೆನಪಾಗಲಿಲ್ಲ. ಕಾಲು ಉಳುಕಿದವರೊಬ್ಬರು ಸಂಜೆಯವರೆಗೂ ಅಳುತ್ತ ಕೂತರು. ಹೇಳಿಕೊಟ್ಟ ಮಾತು ಬೇಡ, ತಾನಾಗಿ ಬಾಯಿಗೆ ಬರುವ ಮಾತು ಬೇಕು ಎಂದು ಹುಡುಕಿ ಹುಡುಕಿ ‘ಸಾಕು’ ಅಂತ ಇಟ್ಟರು. ಮೊದಲನೇ ದಿನವೇ ಮಧ್ಯಾಹ್ನದ ಊಟಕ್ಕೆ ಯಾರೋ ಹೋಳಿಗೆ ಬಡಿಸಿದರು. ಸಾಲಾಗಿ ಕೂತವರೆಲ್ಲ ಸಾಕು ಸಾಕು ಅಂದರು. ಎಲ್ಲರ ಪಟ್ಟಿಯೂ ಒಟ್ಟಿಗೆ ಕಳಚಿ, ಸ್ವಲ್ಪ ಹೊತ್ತಿಗೆ ಹಾಳು ಜಗತ್ತಿನ ನಟ್ಟನಡುವೆ ಎಲ್ಲರಿಗೂ ಎಚ್ಚರವಾಗಿ, ನನ್ನ ಫೋನ್ ಎಲ್ಲಿ ನನ್ನ ಚಪ್ಪಲಿ ಎಲ್ಲಿ ಎಂದು ಗದ್ದಲವಾಯಿತು. ಯಂತ್ರಕ್ಕೆ ಎಷ್ಟು ಕಲಿಸಿದರೂ ಊಟದ ಸಾಕು ಯಾವುದು, ನಿಜದ ಸಾಕು ಯಾವುದು ಎಂದು ತಿಳಿಯಲಿಲ್ಲ. ಕೊನೆಗೆ ಆಟದಿಂದ ಹೊರಗೆ ತರುವ ಗುಂಡಿಯನ್ನು ಮನುಷ್ಯರ ಕೈಗೇ ಕೊಟ್ಟರು.

“ನಮ್ಮ ಕಡೇನೂ ಹಿಂಗೇ ಸಾರ್. ಆದ್ರೆ ನಿಮ್ಮ ಕಡೆ ಒತ್ತಾಯ ಸ್ವಲ್ಪ ಜಾಸ್ತಿ, ನಂಗೆ ಲೆಕ್ಕ ತಪ್ಪುತ್ತೆ,” ಎಂದಳು. “ಆಡಕ್ಕಾಗ್ದಿದ್ರೆ ಏನಂತೆ, ಕೇಳೋ ಕೆಲಸಕ್ಕೆ ಸೇರ್ಕೊಳ್ಳಿ.”

ಹೀಗೆ ಮೃತ್ಯುಂಜಯಪ್ಪ ಆಮೇಲಿನವರ ಬಳಗ ಸೇರಿದ. ಸುದ್ದಿ ಕೇಳಿ ದಾಕ್ಷಾಯಣಿ ಬೇಡ ಅನ್ನಲಿಲ್ಲ. “ಹೋಗಿ ಕುಂದರ್ರಿ. ಫ್ರಿಜ್ಜಿನ ಬಾಗಲಾ ಆದ್ರೂ ಉಳೀತೈತಿ,” ಎಂದಳು.

ಕುರ್ಚಿಗೆ ಒಂದು ಕಟ್ಟಳೆ ಇತ್ತು. ಒಳಗಿನವರು ಆಡಿದ ಮಾತನ್ನು ಹೊರಗೆ ಒಯ್ಯುವಂತಿಲ್ಲ, ಆಡಿದವರ ಎದುರಿಗೂ ಎತ್ತುವಂತಿಲ್ಲ. ಮೃತ್ಯುಂಜಯಪ್ಪ ಅದಕ್ಕೆ ಒಪ್ಪಿ ಕೂತ. ಕೆಲಸ ಬೇಗ ಕೈಗೆ ಹತ್ತಿತು. ಬಟ್ಟೆ ಅಂಗಡಿಯಲ್ಲಿ ಗಿರಾಕಿ ‘ಬ್ಯಾಡ’ ಅಂದರೆ ಇನ್ನೂ ಎರಡು ಸೀರೆ ಬಿಡಿಸು ಅಂತಲೋ ನಿಜವಾಗಿ ಎದ್ದು ಹೋಗುತ್ತಾರೆ ಅಂತಲೋ ಎಂದು ಕಿವಿಯಿಂದಲೇ ತಿಳಿದುಕೊಂಡವನಲ್ಲವೇ. ಹೆದರಿದವರು ‘ಸಾಕು’ ಅನ್ನುವಾಗ ಉಸಿರು ಮೊದಲು ಬರುತ್ತಿತ್ತು, ಮಾತು ಆಮೇಲೆ. ಉಣ್ಣುವವರದ್ದು ಮಾತು ಮೊದಲು, ಉಸಿರು ಬಾಯಿಯ ತುತ್ತಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಒಂದು ಸಲವೂ ತಪ್ಪು ಒತ್ತಲಿಲ್ಲ.

ಆದರೆ ಅವನು ಅಲ್ಲಿಗೆ ಹೋಗುತ್ತಿದ್ದದ್ದು ಒಂದೇ ದನಿಗಾಗಿ. ಒಳಗೆ ದಾಕ್ಷಾಯಣಿಯನ್ನು ಎಲ್ಲರೂ ನೀರಕ್ಕ ಅನ್ನುತ್ತಿದ್ದರು. ಹನಿ ಹನಿ ಅಳೆದು ನೀರು ಹಂಚುವುದು ಅವಳ ಪಾಲಿಗೆ ಬಂದಿತ್ತು. ಕದ್ದು ಕುಡಿದವರನ್ನು ಬೈಯುತ್ತಿದ್ದಳು, ಬೈದು ತನ್ನ ಪಾಲಿನದನ್ನೇ ಕೊಡುತ್ತಿದ್ದಳು. ಜೋರಾಗಿ ನಗುತ್ತಿದ್ದಳು. ಆ ನಗು ಕೇಳಿದಾಗೆಲ್ಲ ಮೃತ್ಯುಂಜಯಪ್ಪ ಕುರ್ಚಿಯಲ್ಲಿ ಸರಿದು ಕೂರುತ್ತಿದ್ದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಇವಳು ಹೀಗೆ ನಗುತ್ತಾಳೆ ಎಂದು ಒಂದು ಯಂತ್ರದಿಂದ ತಿಳಿಯಬೇಕಾಯಿತಲ್ಲ ಎಂದು ಅವನಿಗೆ ಸಿಟ್ಟೂ ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಒಳಗೆ ದಾವಲಸಾಬ ಎಂಬವನು ಅವಳ ಜೊತೆ ಮಾತಾಡುತ್ತ ಕೂತಿದ್ದ. ಹೊರಗೆ ಅವನು ಟೈಲರು, ಒಳಗೆ ಕೋಳಿ ನೋಡಿಕೊಳ್ಳುವವನು.

“ನೀರಕ್ಕ, ಈ ಹಾಳ ಬೀಳೂ ಮೊದಲ ನಿಮ್ಮ ಮನ್ಯಾಗ ಯಾರ್ಯಾರ ಇದ್ರು ಅಂತ ಏನಾರ ನೆನಪೈತೇನ್ರಿ?”

“ಮಾರಿ ಯಾವೂ ನೆನಪಿಲ್ರಿ, ದಾವಲಣ್ಣ,” ಎಂದಿತು ದಾಕ್ಷಾಯಣಿಯ ದನಿ. “ಒಂದ್ ಕೈ ನೆನಪ ಬರ್ತೈತಿ. ನಾ ನೀಡಾಕ ಹೋದ್ರ ತಾಟಿನ ಮ್ಯಾಲ ಅಡ್ಡ ಬರ್ತೈತಿ. ಬೇಕು ಅನ್ನಂಗಿಲ್ಲ, ಬ್ಯಾಡ ಅನ್ನಂಗಿಲ್ಲ, ಸಾಕು ಅಂತನೂ ಅನ್ನಂಗಿಲ್ಲ. ಬರೇ ಕೈ. ಅದು ಕಣ್ಣಮುಂದ ಬಂತಂದ್ರ ನನ್ನ ಹಸಿವಿನೂ ಹೋಗಿಬಿಡ್ತೈತ್ರಿ.”

ಮೃತ್ಯುಂಜಯಪ್ಪ ಮೇಜಿನ ಮೇಲಿದ್ದ ತನ್ನ ಕೈಯನ್ನು ನೋಡಿದ. ಅದನ್ನು ಮೆಲ್ಲಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಇಂಚರಾ ಏನಾಯಿತು ಎಂದು ಕೇಳಿದ್ದಕ್ಕೆ, ಏನಿಲ್ಲವಾ ಸೆಕೆ ಎಂದ.

ಸೋಮವಾರ ಮನೆಯಲ್ಲಿ ಊಟಕ್ಕೆ ಕೂತಾಗ ಪೆಟ್ಟಿಗೆ ತಳ್ಳಿದ ರೊಟ್ಟಿಯನ್ನು ದಾಕ್ಷಾಯಣಿ ಅವನ ತಾಟಿಗೆ ತಂದಳು. ಅವನ ಕೈ ಹಳೇ ಚಾಳಿಯಿಂದ ಮೇಲೆದ್ದಿತು, ಬೆಂಕಿ ತಾಗಿದಂತೆ ಹಿಂದೆ ಹೋಯಿತು.

“ಹಾಕು,” ಎಂದ. “ಇನ್ನೊಂದ್ ಹಾಕು. ಚಲೋ ಆಗ್ಯಾವು.”

“ಇವನ್ನ ಮಷೀನ್ ಮಾಡೇತ್ರಿ,” ಎಂದು ದಾಕ್ಷಾಯಣಿ ಅವನನ್ನೇ ನೋಡಿದಳು. ಅವನು ಹೊಟ್ಟೆ ಬಿರಿಯುವಷ್ಟು ತಿಂದು ಸಂಜೆಯವರೆಗೂ ತೇಗುತ್ತ ಮನೆಯೊಳಗೆ ತಿರುಗಾಡಿದ. ಹೇಳಬೇಕಾದದ್ದು ರೊಟ್ಟಿಯ ಮಾತಾಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಹೋಗಬೇಡ ಎಂದು ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ವಾರ ಕಳೆಯಿತು, ಅದರ ಮುಂದಿನ ವಾರವೂ ಕಳೆಯಿತು. ದಸರೆಗೆ ಮುಂಚಿನ ಮಹಾನವಮಿ ಅಮಾವಾಸ್ಯೆ ಬಂದೇ ಬಂತು.

ಉದ್ದನೆಯ ಆಟಕ್ಕೆ ಒಂದು ನಿಯಮ ಮಾಡಿದ್ದರು. ವಾರದ ಆಟಗಳಲ್ಲಿ ಒಂದೇ ಒಂದು ಸಲ ನಿಜದ ಸಾಕು ಅಂದವರನ್ನೂ ಅದಕ್ಕೆ ಸೇರಿಸುವುದಿಲ್ಲ. ಎರಡು ದಿನಕ್ಕೇ ಸೋತವರು ಆರು ತಿಂಗಳು ತಡೆಯಲಾರರು ಅಂತ. ಕೊನೆಯ ಭಾನುವಾರ ಬಂದಾಗ ದಾಕ್ಷಾಯಣಿ ಒಮ್ಮೆಯೂ ಅಂದಿರಲಿಲ್ಲ.

ಆ ಭಾನುವಾರ ಮೃತ್ಯುಂಜಯಪ್ಪ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ. ಚಹಾ ತಂದಿಟ್ಟಿದ್ದು ಹಾಗೇ ಆರಿತು. ಒಳಗೆ ನೀರು ಹಂಚಿ ಮುಗಿಯಿತು, ಕೊಟ್ಟಿಗೆಯ ಸೂರು ಕಟ್ಟಿ ಮುಗಿಯಿತು, ಎಲ್ಲರೂ ಉಣ್ಣಲು ಕೂತರು. ದಾವಲಸಾಬ ಬಡಿಸುತ್ತಿದ್ದ.

“ತಗೋರಿ ನೀರಕ್ಕ, ಮುಂಜಾನಿಂದ ದುಡದೀರಿ.”

“ಸಾಕ್ರಿ ದಾವಲಣ್ಣ, ಸಾಕು.”

ಮಾತು ಮೊದಲು ಬಂತು. ಉಸಿರು ಬಾಯಿಯ ತುತ್ತಿನಲ್ಲಿ ಸಿಕ್ಕಿಕೊಂಡಿತ್ತು, ಹಿಂದೆ ನಗುವೂ ಇತ್ತು. ಇಂಥ ಅಚ್ಚುಕಟ್ಟಾದ ಊಟದ ಸಾಕು ಅವನು ಆ ಕುರ್ಚಿಯಲ್ಲಿ ಕೂತ ಮೇಲೆ ಕೇಳಿಯೇ ಇರಲಿಲ್ಲ.

ಮೃತ್ಯುಂಜಯಪ್ಪ ಗುಂಡಿ ಒತ್ತಿದ.

ಇಂಚರಾ ತಿರುಗಿ ನೋಡಿದಳು. “ಸಾರ್, ಅದು ಊಟದ್ದಲ್ವಾ?”

“ಅಲ್ಲ,” ಎಂದ ಅವನು. “ನಿಜದ್ದು. ದನಿ ನಡುಗಿತು, ನೀ ಕೇಳಲಿಲ್ಲೇನು?” ದನಿ ನಡುಗುತ್ತಿದ್ದದ್ದು ಅವನದೇ. ಅವನು ಎಂದೂ ತಪ್ಪಿದವನಲ್ಲ, ಅವಳು ನಂಬಿದಳು. ಪಟ್ಟಿ ಸಡಿಲಿಸಿ ಆಕೆಯನ್ನು ಹೊರಗೆ ಕರೆತರಲು ಇಬ್ಬರನ್ನು ಕಳಿಸಿದಳು.

ಹೊರಗೆ ಬಂದವರನ್ನು ಗಿರಣಿಯ ಅಂಗಳದ ಬೇವಿನಮರದ ಕೆಳಗೆ ಕೂರಿಸಿ ಚಹಾ ಕೊಡುವ ಪದ್ಧತಿ. ಪಟ್ಟಿ ಕಳಚಿದ ಮೇಲೆ ಮೆದುಳು ತನ್ನ ತಾಳ ಹಿಡಿಯಲು ಸ್ವಲ್ಪ ಹೊತ್ತು ಬೇಕು, ಅಲ್ಲಿಯವರೆಗೆ ಏನನ್ನೂ ನೆನಪಿಸಬಾರದು, ಸುಮ್ಮನೆ ಹತ್ತಿರ ಇರಬೇಕು. ಮೃತ್ಯುಂಜಯಪ್ಪ ಹೋಗಿ ಕಲ್ಲುಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ದಾಕ್ಷಾಯಣಿ ಅವನನ್ನು ನೋಡಿದಳು. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರನ್ನು ನೋಡುವ ನೋಟ.

“ನೀವೂ ಹೊಸದಾಗಿ ಬಂದೀರೇನ್ರಿ?”

“ಹೌದ್ರಿ,” ಎಂದ. ಮದುವೆಯಾದ ಮೇಲೆ ಹೆಂಡತಿಗೆ ಅವನು ‘ರೀ’ ಹಚ್ಚಿ ಮಾತಾಡಿದ್ದು ಅದೇ ಮೊದಲು.

“ಮಾರಿ ಬಾಡೇತಲ್ರಿ ನಿಮ್ದು. ಉಂಡಿಲ್ಲೇನು?”

“ಇಲ್ರಿ.”

“ಒಳಗ ರೊಟ್ಟಿ ಅದಾವು. ನಾನ ಬಡದೇನಿ. ದಪ್ಪ ಆಗ್ಯಾವು ಖರೆ, ಆದ್ರ ಬಾಯಿಗೆ ರುಚಿ ಹತ್ತತಾವು,” ಎಂದು ಆಕೆ ನಕ್ಕಳು. ಆ ನಗು ಈಗ ಸ್ಪೀಕರಿನಿಂದ ಬಂದದ್ದಲ್ಲ, ಒಂದು ಮೊಳದ ದೂರದಿಂದ ಬಂದದ್ದು. ಮೃತ್ಯುಂಜಯಪ್ಪನಿಗೆ ಮಾತಾಡಬೇಕು ಅನ್ನಿಸಿತು. ಕೋಳಿ ಎಷ್ಟು ಅದಾವ್ರಿ ಎಂದು ಕೇಳಿದ. ಸೂರು ಹೇಗೆ ಕಟ್ಟಿದಿರಿ ಎಂದು ಕೇಳಿದ. ಆಕೆ ಕೈಯಾಡಿಸುತ್ತ ಎಲ್ಲ ಹೇಳಿದಳು. ತೊಟ್ಟಿಯಲ್ಲಿ ಬಿರುಕು ಬಿಟ್ಟು ನೀರು ಸೋರುತ್ತಿದ್ದದ್ದನ್ನು ತಾನೇ ಹೇಗೆ ಕಂಡುಹಿಡಿದೆ ಎಂದು ಹೇಳುವಾಗ ಅವಳ ಕಣ್ಣು ಅಗಲವಾದವು. ಇಷ್ಟು ಮಾತನ್ನು ಅವನು ಈ ಹೆಂಗಸಿನ ಬಾಯಿಂದ ಎಂದೂ ಕೇಳಿರಲಿಲ್ಲ, ಎಂದೂ ಕೇಳಿಯೂ ನೋಡಿರಲಿಲ್ಲ.

“ಇಲ್ಲೆ ಚಲೋ ಅನಸ್ತೈತೇನ್ರಿ ನಿಮಗ?” ಎಂದ.

“ಚಲೋ ಅಂದ್ರ…” ಆಕೆ ಯೋಚಿಸಿದಳು. “ನಾ ಒಂದಿನ ಏಳಲಿಲ್ಲಂದ್ರ ಈ ಮಂದಿಗೆ ನೀರ ತಪ್ಪತೈತ್ರಿ. ಏಳು, ನೀರಕ್ಕ ಅಂತ ಬಂದು ಕರೀತಾರ. ಮನಷ್ಯಾಗ ಅಷ್ಟ ಸಾಕಲ್ರಿ.”

ಇದು ಬೇರೆಯೇ ಒಂದು ಸಾಕು. ಊಟದ್ದೂ ಅಲ್ಲ, ಭಯದ್ದೂ ಅಲ್ಲ. ಇದಕ್ಕೆ ಒತ್ತುವ ಗುಂಡಿ ಅವನ ಮೇಜಿನ ಮೇಲೆ ಇರಲಿಲ್ಲ.

ಆಮೇಲೆ ನೆನಪು ಬಂತು. ದೊಡ್ಡದಾಗಿ ಏನೂ ಆಗಲಿಲ್ಲ. ಮಾತಿನ ನಡುವೆ ಆಕೆ ಅವನ ಕೈ ನೋಡಿದಳು, ಕೈಯಿಂದ ಮುಖಕ್ಕೆ ಬಂದಳು. ಸೆರಗು ಸರಿಮಾಡಿಕೊಂಡಳು, ಕಾಲು ಹತ್ತಿರ ಎಳೆದುಕೊಂಡಳು, ಕೈಯಾಡಿಸುತ್ತಿದ್ದದ್ದು ನಿಂತಿತು. ಈಗಷ್ಟೇ ಅಲ್ಲಿ ಕೂತಿದ್ದ ನೀರಕ್ಕ ಹೋಗಿ ಮನೆಯ ದಾಕ್ಷಾಯಣಿ ಬಂದು ಕೂತಳು. ಬೇರೆ ಯಾರನ್ನೋ ಕಂಡಲ್ಲ, ತನ್ನನ್ನು ಗುರುತಿಸಿದ್ದಕ್ಕೇ ಹೀಗಾಯಿತು ಎಂದು ಮೃತ್ಯುಂಜಯಪ್ಪನಿಗೆ ಕಣ್ಣಾರೆ ಕಂಡಿತು. ಅವನಿಗೆ ಅಲ್ಲೇ ಅಳಬೇಕು ಅನ್ನಿಸಿತು.

“ನಾ ಯಾಕ್ರಿ ಹೊರಗ ಬಂದೆ?” ಎಂದು ಕೇಳಿದಳು.

“ಸಾಕು ಅಂದಿ.”

ಆಕೆ ಎದ್ದು ಚೀಲ ತೆಗೆದುಕೊಂಡಳು. ಇಬ್ಬರೂ ಮನೆಗೆ ಬಂದರು.

ಅವತ್ತು, ಮರುದಿನ, ಅದರ ಮರುದಿನ ಮನೆ ತನ್ನಷ್ಟಕ್ಕೆ ತಾನು ನಡೆಯಿತು. ಪೆಟ್ಟಿಗೆ ರೊಟ್ಟಿ ತಳ್ಳಿತು, ದೀಪ ಹತ್ತಿದವು, ಆರಿದವು. ಮೃತ್ಯುಂಜಯಪ್ಪನಿಗೆ ಬೇಕಾದದ್ದು ಸಿಕ್ಕಿತ್ತು, ಹೆಂಡತಿ ಮನೆಯಲ್ಲಿದ್ದಳು. ಆದರೆ ಅವಳಿದ್ದ ಕೋಣೆಗೆ ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ಹಜಾರದಲ್ಲಿ ಹೋಗುತ್ತಿದ್ದ, ಬರುತ್ತಿದ್ದ, ಬಾಗಿಲಿನ ಹತ್ತಿರ ನಿಂತು ಮತ್ತೆ ಹಿಂದಿರುಗುತ್ತಿದ್ದ. ಕೊನೆಗೆ ಒಂದು ಮಧ್ಯಾಹ್ನ ದಾಕ್ಷಾಯಣಿಯೇ ಬಂದು ಅವನೆದುರು ಕೂತಳು.

“ಒಳಗ ಆಗಿದ್ದು ನನಗ ಈಗೂ ನೆನಪೈತ್ರಿ. ದಾವಲಣ್ಣ ರೊಟ್ಟಿ ಹಾಕಾಕ ಬಂದ, ನಾ ಸಾಕು ಅಂದೆ. ಅದು ಎಂಥಾ ಸಾಕು ಅಂತ ನಿಮಗ ತಿಳೀಲಿಲ್ಲೇನು?”

“ತಿಳೀತು.”

“ತಿಳಿದೂ ಒತ್ತಿದ್ರಿ?”

“ಹೂಂ.”

“ಯಾಕ್ರಿ?”

“ಅಂಜಿಕಿ ಬಂತು,” ಎಂದ ಮೃತ್ಯುಂಜಯಪ್ಪ. ಇಷ್ಟು ದಿನ ಎದೆಯಲ್ಲಿ ಕೂತಿದ್ದದ್ದು ಈಗ ಬಾಯಿಗೆ ಬಂತು. “ನೀ ಹೋದ್ರ ತಿರುಗಿ ಬರೂದಿಲ್ಲ ಅಂತ ಅಂಜಿಕಿ ಬಂತು. ನೀ ಇಲ್ಲದ ಈ ಮನ್ಯಾಗ ನನಗ ಇರಾಕ ಆಗೂದಿಲ್ಲ.”

ದಾಕ್ಷಾಯಣಿಯ ಕಣ್ಣು ತುಂಬಿದವು. ಸಿಟ್ಟಿಗೋ ದುಃಖಕ್ಕೋ ಅವಳಿಗೂ ತಿಳಿದಿರಲಿಕ್ಕಿಲ್ಲ.

“ಇದನ್ನ ಬಾಯಿಬಿಟ್ಟು ಹೇಳಬಹುದಿತ್ತಲ್ರಿ. ನಾ ಹೆಸರ ಕೊಟ್ಟೇನಿ ಅಂದಾಗ ಹೇಳಬಹುದಿತ್ತು. ಸಕ್ರಿ ಕಮ್ಮಿ ಆಗೈತಿ ಅಂದ್ರಿ.”

“ಈಗ ಹೇಳ್ತೇನಿ. ಹೋಗಬ್ಯಾಡ.”

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಈಗ ನೀವು ಹೇಳಿದ್ರಿ, ನಾ ಕೇಳಿದೆ,” ಎಂದಳು. “ಆದ್ರ ನಾ ಹೋಗಬೇಕ್ರಿ. ನೀವು ನನ್ನ ಮಾತ ಕಸಗೊಂಡು ಅದರ ಮ್ಯಾಲ ಮನಿಗೆ ಕರಕೊಂಡ ಬಂದೀರಿ. ಹಿಂಗ ಬಂದು ಕುಂತ್ರ ನಾ ಬಂದಂಗ ಆಗೂದಿಲ್ಲ.”

ಮೃತ್ಯುಂಜಯಪ್ಪ ಅಂಗಿ ಹಾಕಿಕೊಂಡು ಗಿರಣಿಗೆ ಹೋದ. ಇಂಚರಾಳ ಎದುರು ನಿಂತು, ಭಾನುವಾರದ್ದು ಊಟದ ಸಾಕು, ಗೊತ್ತಿದ್ದೇ ಒತ್ತಿದೆ ಎಂದ. ಅವಳು ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಬೈಯಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು.

“ನಾವು ಇಷ್ಟೂ ಜನರನ್ನ ನಿಮ್ಮ ಕಿವಿ ಮೇಲೆ ನಂಬಿಕೆ ಇಟ್ಟು ಒಳಗೆ ಬಿಡ್ತಿದ್ವಿ ಸಾರ್,” ಎಂದಳು. “ಆಂಟಿ ಹೆಸರು ಮತ್ತೆ ಸೇರಿಸ್ತೀನಿ. ನೀವು ಇನ್ಮೇಲೆ ಆ ಕುರ್ಚಿ ಮೇಲೆ ಕೂರೋ ಹಂಗಿಲ್ಲ.”

ಅವನು ತಲೆಯಾಡಿಸಿದ. ಅಂದರೆ ಇನ್ನು ಆರು ತಿಂಗಳು ಆ ದನಿ, ಆ ನಗು ಅವನಿಗೆ ಸ್ಪೀಕರಿನಿಂದಲೂ ಕೇಳುವಂತಿರಲಿಲ್ಲ. ಬೀದಿಗೆ ಬಂದ ಮೇಲೆ ಅದು ಅವನಿಗೆ ಹೊಳೆಯಿತು.

ಬನ್ನಿ ಮುಡಿದ ಮರುದಿನ ಬೆಳಿಗ್ಗೆ ಗಿರಣಿಯ ಅಂಗಳದಲ್ಲಿ ಜನ ಸೇರಿದ್ದರು. ಒಳಗೆ ಹೋಗುವವರ ಹಣೆಗೆ ಮನೆಯವರೇ ಪಟ್ಟಿ ಕಟ್ಟಲಿ ಎಂದು ಇಂಚರಾ ಹೇಳಿದಳು. ಮೃತ್ಯುಂಜಯಪ್ಪ ಪಟ್ಟಿ ತೆಗೆದುಕೊಂಡ. ದಾಕ್ಷಾಯಣಿಯ ಕೂದಲು ಸಿಕ್ಕಿಕೊಳ್ಳದಂತೆ ಮೆಲ್ಲಗೆ ಸರಿಸಿ ಪಟ್ಟಿ ಕಟ್ಟಿದ.

“ಬಿಗಿ ಆತೇನು?”

“ಇಲ್ರಿ. ಸರಿ ಐತಿ.”

ಪಟ್ಟಿ ಕಟ್ಟಿದ ಮೇಲೆ ಅಂಗಳ ದಾಟಿ ಒಳಗಿನ ಗೇಟು ಮುಟ್ಟುವಷ್ಟರಲ್ಲಿ ಮಬ್ಬು ಕವಿಯುತ್ತದೆ. ದಾಕ್ಷಾಯಣಿ ಚೀಲ ಎತ್ತಿಕೊಂಡಳು. ಅವನ ಮುಖ ಒಮ್ಮೆ ಸರಿಯಾಗಿ ನೋಡಿದಳು.

“ಹೋಗ್ತೇನಿ,” ಎಂದಳು.

ಮೃತ್ಯುಂಜಯಪ್ಪ ಇನ್ನುಳಿದ ಅರ್ಧ ಮಾತಿಗೆ ಕಾದ. ಅಂಗಡಿಯಿಂದ ಹೊರಟ ಗಿರಾಕಿಯೂ ಆ ಮಾತನ್ನು ಅಲ್ಲಿಗೇ ನಿಲ್ಲಿಸುವುದಿಲ್ಲ, ಸಾವಿನ ಮನೆಯಿಂದ ಎದ್ದು ಬರುವವರು ಮಾತ್ರ ಬರುತ್ತೇನೆ ಅನ್ನುವುದಿಲ್ಲ. ಆಕೆ ತಿರುಗಿ ನಡೆದಳು. ಅವಳು ಮರೆತು ಬಿಟ್ಟದ್ದಲ್ಲ, ನೆನಪಿದ್ದೇ ಬಿಟ್ಟದ್ದು. ಅದನ್ನು ತಿಳಿಯದಷ್ಟು ಅವನ ಕಿವಿ ಕೆಟ್ಟಿರಲಿಲ್ಲ.

ಆಕೆ ಬೇವಿನಮರ ದಾಟಿದಳು, ಕಲ್ಲುಬೆಂಚು ದಾಟಿದಳು. ಗೇಟಿನ ಹತ್ತಿರ ಹೋದಾಗ ಅವನಿಗೆ ತಡೆದುಕೊಳ್ಳಲು ಆಗಲಿಲ್ಲ.

“ಹೋಗಿ ಬಾ,” ಎಂದು ಕೂಗಿದ. ಅಂಗಳದ ಮಂದಿಯೆಲ್ಲ ಅವನತ್ತ ನೋಡಿದರು.

ದಾಕ್ಷಾಯಣಿ ಗೇಟಿಗೆ ಕೈ ಹಚ್ಚಿದವಳು ನಿಂತು ತಿರುಗಿದಳು. ದೂರದಲ್ಲಿ ಬಿಸಿಲಿನಲ್ಲಿ ಯಾರೋ ಹಿರಿಯ ಮನುಷ್ಯ, ಗುರುತಿಲ್ಲ, ತನ್ನನ್ನೇ ನೋಡುತ್ತ ನಿಂತಿದ್ದಾನೆ. ಹೋಗಿ ಬಾ ಅಂದವರಿಗೆ ಉತ್ತರ ಕೊಡದೆ ಹೋಗುವುದು ಹೇಗೆ? ಆಕೆ ಸೆರಗು ಹೊದ್ದುಕೊಂಡು ಬಾಯಿ ತುಂಬ ನಕ್ಕಳು.

“ಬರ್ತೇನ್ರಿ, ಅಣ್ಣಾರ,” ಎಂದಳು, ಒಳಗೆ ಹೋದಳು.

ಗೇಟು ಮುಚ್ಚಿತು. ಪಕ್ಕದಲ್ಲಿ ನಿಂತಿದ್ದ ಇಂಚರಾ, “ಬರ್ತೀನಿ ಅಂದ್ರಲ್ಲ ಸಾರ್,” ಎಂದಳು, ಸಮಾಧಾನಕ್ಕೆ.

ಮೃತ್ಯುಂಜಯಪ್ಪ ಆ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತ ನಿಂತಿದ್ದ. ಅದು ಯಾವ ‘ಬರ್ತೇನಿ’ ಎಂದು ಅವನಿಗೆ ತಿಳಿಯಲಿಲ್ಲ.